ಸಮೀಕರಣದ ಬಾಣ ಅಚ್ಚಿನಲ್ಲಿ ಒತ್ತಕ್ಷರ ಆಗಿ ಬಂದಿದೆ, ಏನು ಮಾಡೋದು?

ರಸಾಯನ_ಮೇಷ್ಟ್ರು · ಹಾಸನ

ಎಲ್ಲರಿಗೂ ನಮಸ್ಕಾರ. ಪ್ರಥಮ ಪಿಯು ಮಕ್ಕಳಿಗೆ ರಸಾಯನಶಾಸ್ತ್ರ ಹೇಳಿಕೊಡ್ತೀನಿ. ಕನ್ನಡ ಮಾಧ್ಯಮದಿಂದ ಬಂದವರು ಜಾಸ್ತಿ, ಹಾಗಾಗಿ ಕಿರುಪರೀಕ್ಷೆಯ ಪ್ರಶ್ನೆಗಳನ್ನ ಎರಡೂ ಭಾಷೆಯಲ್ಲಿ ಕೊಡೋದು ನನ್ನ ರೂಢಿ. ಈ ಸಲ ಸಮತೋಲನದ ಪಾಠ. ಅಮೋನಿಯ ತಯಾರಿಕೆಯ ಸಮೀಕರಣ ಬರೀಬೇಕಿತ್ತು: ಎಡಗಡೆ ನೈಟ್ರೋಜನ್, ಹೈಡ್ರೋಜನ್, ನಡುವೆ ಆ ಎರಡು ಅರೆಬಾಣ, ಬಲಗಡೆ ಅಮೋನಿಯ.

ಆ ಜೋಡಿ ಬಾಣ ಕೀಬೋರ್ಡಿನಲ್ಲಿ ಎಲ್ಲಿದೆ ಅಂತ ನನಗೆ ಗೊತ್ತಿಲ್ಲ. ವರ್ಡ್‌ನಲ್ಲಿ ಎರಡು ಅಡ್ಡಗೆರೆ ಹಾಕಿ > ಒತ್ತಿದರೆ ತಾನಾಗೇ ಬಾಣ ಆಗುತ್ತಲ್ಲ, ಅದನ್ನೇ ನಂಬಿಕೊಂಡು ಒಂದು ಎಡಬಾಣ, ಪಕ್ಕದಲ್ಲೇ ಒಂದು ಬಲಬಾಣ ಹಾಕಿದೆ. ಮೇಲೆ ಕೆಳಗೆ ಇರಬೇಕಾದ್ದು ಅಕ್ಕಪಕ್ಕ ಕೂತಿತು, ಮಕ್ಕಳಿಗೆ ಅರ್ಥ ಆಗುತ್ತೆ ಬಿಡು ಅಂತ ಸುಮ್ಮನಾದೆ. ಕನ್ನಡ ಭಾಗ ನುಡಿ ತಂತ್ರಾಂಶದ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ದು. ರಾತ್ರಿ ಕರೆಂಟ್ ಹೋಗೋ ಹಾಗಿತ್ತು, ಫೈಲ್ ಕಳಿಸೋಕೆ ಆಗದೆ ಪೂರ್ತಿ ಕಾಪಿ ಮಾಡಿ ವಾಟ್ಸಾಪ್‌ನಲ್ಲಿ ಅಂಗಡಿಗೆ ಕಳಿಸಿಬಿಟ್ಟೆ. ಅವರು ಪೇಸ್ಟ್ ಮಾಡಿ ಎಲ್ಲಕ್ಕೂ ನುಡಿ ಫಾಂಟ್ ಕೊಟ್ಟು ಬೆಳಿಗ್ಗೆ 58 ಪ್ರತಿ ಕೈಗಿಟ್ಟರು. ನಾನು ನೋಡದೇ ಹಂಚಿದೆ. ತಪ್ಪು ನನ್ನದೇ.

ಅಚ್ಚಾಗಿದ್ದದ್ದು ಹೀಗೆ: ಓ2 + 3ಊ2, ಆಮೇಲೆ ಗಾಳಿಯಲ್ಲಿ ನೇತಾಡೋ ಒಂದು ನ ಒತ್ತು, ಒಂದು ಪ ಒತ್ತು, ಆಮೇಲೆ 2ಓಊ3. ಕೆಳಗೆ ತಾಪಮಾನ 450 ಡಿಗ್ರಿ ಸೆಲ್ಸಿಯಸ್ ಅಂತ ಇರಬೇಕಾದ ಕಡೆ «450ಲಿ ಅ». ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತು «ಸರ್, ಊ ಯಾವ ಮೂಲವಸ್ತು?» ಅಂದಳು. ಮೇಲ್ವಿಚಾರಣೆಗೆ ಬಂದಿದ್ದ ಕನ್ನಡ ವಿಭಾಗದವರು ಕಾಗದ ಇಸ್ಕೊಂಡು ನೋಡಿ, ಇದು ಸಂಧಿ ಬಿಡಿಸೋ ಪ್ರಶ್ನೆನಾ ಅಂತ ಕೇಳಿದರು.

ನನ್ನ ಪ್ರಶ್ನೆ ಎರಡು. ಹೀಗೆ ಯಾಕಾಯ್ತು? ಆ ಜೋಡಿ ಅರೆಬಾಣವನ್ನ ಸರಿಯಾಗಿ ಹಾಕೋದು ಹೇಗೆ?


ಸಂಧಿ_ಸಮಾಸ · ಕಡೂರು

ಮೊದಲು ನಕ್ಕು ಮುಗಿಸ್ತೀನಿ, ಕ್ಷಮಿಸಿ.

ಆಯ್ತು. ನಿಮ್ಮ ಸಹೋದ್ಯೋಗಿಗೆ ಹೇಳಿ, ಅಲ್ಲಿ ಸಂಧಿ ಆಗೋದೇ ಇಲ್ಲ. ಭಾವಸೂಚಕ ಓ ಮುಂದೆ ಸ್ವರ ಬಂದರೆ ಪ್ರಕೃತಿಭಾವ. ಓ ಓ ಆಗಿಯೇ ಇರುತ್ತೆ, ಊ ಊ ಆಗಿಯೇ ಇರುತ್ತೆ. ಅಮೋನಿಯ ಹುಟ್ಟಲ್ಲ.


ಕೋಡ್_ಕಡಲೆ · ಹಾಸನದವನು, ಸದ್ಯ ಬೆಂಗಳೂರು

ಮೇಷ್ಟ್ರೇ, ಯಾಕಾಯ್ತು ಅನ್ನೋದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ. ಇದು ಗೊತ್ತಾದರೆ ಎರಡನೇ ಪ್ರಶ್ನೆಗೆ ಉತ್ತರ ಅರ್ಧ ಸಿಕ್ಕ ಹಾಗೆ.

ನುಡಿ, ಬರಹ ಥರದ ತಂತ್ರಾಂಶಗಳ ಹಳೇ ಫಾಂಟುಗಳಲ್ಲಿ ಕಂಪ್ಯೂಟರ್ ಒಳಗೆ ಕನ್ನಡ ಅನ್ನೋದೇ ಇರಲ್ಲ. ಒಳಗೆ ಕೂತಿರೋದು ಇಂಗ್ಲಿಷ್ ಅಕ್ಷರ, ಯುರೋಪಿನ ಗುರುತುಗಳು. ಫಾಂಟ್ ಅವಕ್ಕೆ ಕನ್ನಡದ ವೇಷ ಹಾಕುತ್ತೆ, ಅಷ್ಟೇ. ದೊಡ್ಡ ಎಚ್ ಅಕ್ಷರಕ್ಕೆ ಊ ವೇಷ, ಎನ್‌ಗೆ ಓ ವೇಷ, ಇಂಗ್ಲಿಷಿನ ಒ ಅಕ್ಷರಕ್ಕೆ ಔ ವೇಷ, ಸಿ ಅಕ್ಷರಕ್ಕೆ ಅ ವೇಷ. ನೀವು ಪುಣ್ಯಕ್ಕೆ ಅಮೋನಿಯ ಬರೆದಿರಿ. ನೀರು ಬರೆದಿದ್ದರೆ ಊ2ಔ ಆಗ್ತಿತ್ತು, ಕಾರ್ಬನ್ ಡೈ ಆಕ್ಸೈಡ್ ಅಔ2.

ಈಗ ಬಾಣದ ಕಥೆ. ವರ್ಡ್ ತಾನಾಗಿ ಮಾಡಿಕೊಡೋ ಆ ಬಾಣ ಕೂಡ ನಿಜವಾದ ಬಾಣ ಅಲ್ಲ, ಅದೂ ಒಂದು ವೇಷ. ವಿಂಗ್‌ಡಿಂಗ್ಸ್ ಅನ್ನೋ ಚಿತ್ರದ ಫಾಂಟಿನಲ್ಲಿ, ತಲೆ ಮೇಲೆ ಗೀಟಿರೋ ಫ್ರೆಂಚ್ ಸಣ್ಣ ಎ ಇರುವ ಜಾಗದಲ್ಲಿ ಬಲಬಾಣದ ಚಿತ್ರ ಇಟ್ಟಿದ್ದಾರೆ. ಜರ್ಮನ್ ಜೋಡಿ ಎಸ್ ಇರುವ ಜಾಗದಲ್ಲಿ ಎಡಬಾಣ. ವಾಟ್ಸಾಪ್‌ಗೆ ಹಾಕಿದ ಕೂಡಲೇ ಫಾಂಟ್ ಕಳಚಿ ಬಿತ್ತು, ಬಾಣ ಹೋಗಿ ಫ್ರೆಂಚ್ ಎ, ಜರ್ಮನ್ ಎಸ್ ಉಳೀತು. ಅಂಗಡಿಯವರು ಅದಕ್ಕೆ ನುಡಿ ಅಂಗಿ ತೊಡಿಸಿದರು. ನುಡಿಯಲ್ಲಿ ಆ ಫ್ರೆಂಚ್ ಎ ಜಾಗದಲ್ಲಿರೋದು ಪ ಒತ್ತು, ಜರ್ಮನ್ ಎಸ್ ಜಾಗದಲ್ಲಿರೋದು ನ ಒತ್ತು. ಅಂದರೆ ನಿಮ್ಮ ಎಡಬಾಣ «ಕನ್ನಡ»ದ ಒತ್ತಾಯ್ತು, ಬಲಬಾಣ «ಅಪ್ಪ»ನ ಒತ್ತಾಯ್ತು. ಡಿಗ್ರಿ ಸೊನ್ನೆಯ ಜಾಗದಲ್ಲಿ ಇರೋದು ಲಿ, «ಅಲ್ಲಿ ಇಲ್ಲಿ» ಬರೆಯುವಾಗ ಬರೋ ಲಿ. ಅದಕ್ಕೇ 450ಲಿ.

ಅಂಗಡಿಯವರು ಏನೂ ಕೆಡಿಸಿಲ್ಲ. ಅವರ ಕೈಗೆ ಬರುವ ಹೊತ್ತಿಗೆ ಬಾಣ ಇರಲೇ ಇಲ್ಲ.


ಟೈಪಿಂಗ್_ಅಣ್ಣ · ಹಾಸನ ಬಸ್‌ಸ್ಟ್ಯಾಂಡ್ ಹತ್ರ

ಕಡಲೆಯವರೇ, ನಿಮ್ ಬಾಯಿಗೆ ಸಕ್ಕರೆ ಹಾಕ. ಇಷ್ಟು ವರ್ಷದಲ್ಲಿ ಡಿಟಿಪಿಯವನ ತಪ್ಪಿಲ್ಲ ಅಂದವರು ನೀವೊಬ್ರೇ.

ಮೇಷ್ಟ್ರು ಬಂದಿದ್ದು ನಮ್ ಅಂಗಡಿಗಲ್ಲ, ಆದ್ರೂ ನಮ್ಮೋರ ಪರವಾಗಿ ಒಂದ್ಮಾತು. ನಮ್ಮತ್ರ ಬರೋದು ಮದುವೆ ಕಾರ್ಡು, ತಿಥಿ ಕಾರ್ಡು, ಕೋರ್ಟ್ ಅಫಿಡವಿಟ್ಟು, ತೋಟದ ಆಳುಗಳ ಲೆಕ್ಕ. ಹಾಸನಾಂಬ ಬಾಗಿಲು ತೆಗೆದ ಹೊತ್ತಲ್ಲಂತೂ ಬ್ಯಾನರ್ ಬಿಟ್ಟು ಬೇರೆ ಕೆಲಸ ಮುಟ್ಟೋಕಾಗಲ್ಲ. ಅದರ ಮಧ್ಯ ರಾತ್ರಿ ಹತ್ತಕ್ಕೆ ವಾಟ್ಸಾಪ್‌ನಲ್ಲಿ ಉದ್ದಕೆ ಗೀಚಿದ ಹಾಗಿರೋ ಅಕ್ಷರ ಬರುತ್ತೆ, «ನಾಳೆ ಏಳಕ್ಕೆ ಬೇಕು» ಅಂತ. ಅದನ್ನ ಕನ್ನಡ ಮಾಡೋಕೆ ನಮಗಿರೋ ದಾರಿ ಒಂದೇ, ಎಲ್ಲ ಸೆಲೆಕ್ಟ್, ನುಡಿ ಫಾಂಟ್. ಅದರೊಳಗೆ ಯಾವುದು ಹೈಡ್ರೋಜನ್ನು ಯಾವುದು ಊರಿನ ಊ ಅಂತ ನಮಗೇನು ಗೊತ್ತಾಗಬೇಕು ಸ್ವಾಮಿ?

ಇನ್ನೊಂದು ವಿಷಯ ಈಗ ಹೊಳೀತು. ಹಳೇ ಪೇಜ್‌ಮೇಕರ್ ಫೈಲಲ್ಲಿ ಬಾಣ ಇರೋ ಕಡೆಯೆಲ್ಲ ಒಂಟಿ «ಲ» ಬರ್ತಿತ್ತು. ವೈರಸ್ ಅಂದ್ಕೊಂಡು ಒಂದ್ಸಲ ಸಿಸ್ಟಮ್ಮೇ ಫಾರ್ಮ್ಯಾಟ್ ಹೊಡೆಸಿದ್ದೆ. ಅದೂ ಇದೇ ಕಥೆನಾ?


ಕೋಡ್_ಕಡಲೆ

ಅಣ್ಣ, ಅದೇ. ಅದು ಸಿಂಬಲ್ ಅನ್ನೋ ಫಾಂಟಿನ ಬಾಣ. ಅದರಲ್ಲಿ ಬಲಬಾಣ ಕೂತಿರೋದು ವೃತ್ತದೊಳಗೆ ಆರ್ ಇರೋ ಟ್ರೇಡ್‌ಮಾರ್ಕ್ ಗುರುತಿನ ಜಾಗದಲ್ಲಿ. ನುಡಿಯಲ್ಲಿ ಆ ಜಾಗ «ಲ»ಗೆ ಸೇರಿದ್ದು. ಫಾರ್ಮ್ಯಾಟ್ ಹೊಡೆಸಿದ ದುಡ್ಡು ವಾಪಸ್ ಬರಲ್ಲ.

ಹಳೇ ಫಾಂಟುಗಳನ್ನ ಬೈಯೋಕೆ ಹೋಗಬೇಡಿ ಅಂತಲೂ ಒಂದು ಮಾತು. ಆಗ ಇದ್ದದ್ದೇ 256 ಜಾಗ. ಅದರೊಳಗೆ ಕನ್ನಡದ ಗುಣಿತ, ಒತ್ತು ಎಲ್ಲ ತುರುಕಿ ಮದುವೆ ಕಾರ್ಡಿನಿಂದ ಪಠ್ಯಪುಸ್ತಕದವರೆಗೆ ಅಚ್ಚು ಹಾಕಿಸಿದರು. ಅಷ್ಟು ಇಕ್ಕಟ್ಟಿನಲ್ಲಿ ಬಾಣಕ್ಕೆ ಎಲ್ಲಿಂದ ಜಾಗ ಕೊಡೋದು?

ಎಲ್ಲ ಲಿಪಿಯ ಅಕ್ಷರಕ್ಕೂ ಅದರದ್ದೇ ನಂಬರ್ ಕೊಡೋ ಯೂನಿಕೋಡ್‌ನಲ್ಲಿ ಆ ಇಕ್ಕಟ್ಟಿಲ್ಲ. ಕನ್ನಡಕ್ಕೆ 128 ಮನೆಗಳ ಒಂದು ಬೀದಿ, ಬಾಣಗಳಿಗೆ 112 ಮನೆಗಳ ಇನ್ನೊಂದು ಬೀದಿ. ಬಾಣದ ಬೀದಿ 2190ರಿಂದ ಶುರು. ಸಾದಾ ಬಲಬಾಣ → ಮನೆ ನಂಬರ್ 2192. ನಿಮಗೆ ಬೇಕಾದ ⇌ ನಂಬರ್ 21ಸಿಸಿ. ಆ ನಂಬರಿನಲ್ಲಿ ಬೇರೆ ಯಾರೂ ವಾಸ ಇಲ್ಲ, ಹಾಗಾಗಿ ಫಾಂಟ್ ಬದಲಾದರೂ ಅದು ಒತ್ತಕ್ಷರ ಆಗಲ್ಲ. ತೀರಾ ಕೆಟ್ಟರೆ ಖಾಲಿ ಡಬ್ಬಿ ಕಾಣುತ್ತೆ.

ಹಾಕೋ ದಾರಿ: ವರ್ಡ್‌ನಲ್ಲಿ ಕೀಬೋರ್ಡ್ ಇಂಗ್ಲಿಷಿಗೆ ತಿರುಗಿಸಿ, 21ಸಿಸಿ ಅಂತ ನಾಲ್ಕು ಕೀ ಒತ್ತಿ (ಸಿ ಇಂಗ್ಲಿಷ್ ಅಕ್ಷರ), ಕೂಡಲೇ ಆಲ್ಟ್ ಹಿಡಿದು ಎಕ್ಸ್. ನಾಲ್ಕು ಅಕ್ಷರ ಮಾಯವಾಗಿ ⇌ ಬರುತ್ತೆ. ಲಿಬ್ರೆಆಫೀಸ್‌ನಲ್ಲೂ ಇದೇ ನಡೆಯುತ್ತೆ. ವೆಬ್‌ಪುಟಕ್ಕಾದರೆ &#8652; ಅಂತ ಬರೆದರೆ ಸಾಕು.


ರಸಾಯನ_ಮೇಷ್ಟ್ರು

ಕಡಲೆಯವರೇ, ನೀವು ಹೇಳಿದ ಹಾಗೇ ಮಾಡಿದೆ. ಚೀನೀ ಲಿಪಿ ಥರದ್ದೊಂದು ಅಕ್ಷರ ಬಂತು! ಹೈಡ್ರೋಜನ್ ಹೋಗಿ ಊ ಆಗಿತ್ತು, ಈಗ ಚೀನಾಕ್ಕೇ ಹೋಯ್ತು. ಎರಡು ಸಲ ಮಾಡಿದರೂ ಅದೇ.


ಕೋಡ್_ಕಡಲೆ

ಹೈಡ್ರೋಜನ್ ಪಕ್ಕದ ಕೆಳಗಿನ 2 ಇದೆಯಲ್ಲ, ಅದಕ್ಕೆ ಅಂಟಿಕೊಂಡ ಹಾಗೇ ಟೈಪ್ ಮಾಡಿದ್ದೀರಿ ಅಲ್ವಾ? ವರ್ಡ್ ಹಿಂದಕ್ಕೆ ನೋಡಿಕೊಂಡು ಹೋಗಿ ಆ 2 ಅನ್ನೂ ಸೇರಿಸಿಕೊಂಡು 221ಸಿಸಿ ಅಂತ ಓದಿದೆ. ಆ ನಂಬರಿನ ಮನೆ ಚೀನೀ ಅಕ್ಷರಗಳ ಬೀದಿಯಲ್ಲಿದೆ. ನಡುವೆ ಒಂದು ಸ್ಪೇಸ್ ಬಿಡಿ. ಬಾಣಕ್ಕೆ ಹೇಗೂ ಎರಡೂ ಕಡೆ ಸ್ಪೇಸ್ ಇದ್ದರೇ ಚಂದ.


ರಸಾಯನ_ಮೇಷ್ಟ್ರು

⇌

ಬಂತು. ಮನೆಯಲ್ಲಿ ಎಲ್ಲರನ್ನೂ ಕರೆದು ತೋರಿಸಿದೆ. ಯಾರಿಗೂ ಅಷ್ಟೇನೂ ಖುಷಿ ಆಗಲಿಲ್ಲ.


ನಿವೃತ್ತ_ಚಾಕ್‌ಪೀಸ್ · ಚನ್ನರಾಯಪಟ್ಟಣ

ನಮ್ಮ ಕಾಲದಲ್ಲಿ ಸ್ಟೆನ್ಸಿಲ್ ಕಾಗದ. ಕನ್ನಡ ಟೈಪ್‌ರೈಟರಿನಲ್ಲಿ ಬಾಣ ಎಲ್ಲಿಂದ ಬರಬೇಕು? ಟೈಪಿಸ್ಟ್ ಸಮೀಕರಣದ ನಡುವೆ ಎಂಟು ಹತ್ತು ಅಕ್ಷರದಷ್ಟು ಜಾಗ ಬಿಟ್ಟು ಕೊಡುತ್ತಿದ್ದರು. ನಾನು ಆ ಮೇಣದ ಕಾಗದವನ್ನು ಗಾಜಿನ ಮೇಲೆ ಹಾಸಿ, ಮೊಂಡು ಉಕ್ಕಿನ ಕಡ್ಡಿಯಲ್ಲಿ ಅಡಿಪಟ್ಟಿ ಇಟ್ಟು ಎರಡು ಗೆರೆ ಎಳೆದು, ತುದಿಗೆ ಅರ್ಧರ್ಧ ಮುಳ್ಳು ಹಾಕುತ್ತಿದ್ದೆ. ಸ್ವಲ್ಪ ಜೋರಾಗಿ ಒತ್ತಿದರೆ ಕಾಗದ ಹರಿದು, ರೋಲರ್ ತಿರುಗಿಸಿದಾಗ ಬಾಣದ ಜಾಗದಲ್ಲಿ ಮಸಿಯ ಮುದ್ದೆ. ಆಗ ಕೆಂಪು ದ್ರವ ಬಳಿದು, ಊದಿ ಊದಿ ಒಣಗಿಸಿ, ಮತ್ತೆ ಗೀಚುವುದು. ಆ ದ್ರವದ ವಾಸನೆ ಈಗಲೂ ಮೂಗಿನಲ್ಲಿದೆ.

ಏನೇ ಆಗಲಿ, ನಾನು ಬರೆದ ಬಾಣ ಬಾಣವಾಗಿಯೇ ಅಚ್ಚಾಗುತ್ತಿತ್ತು. ಹಲ್ಮಿಡಿ ಶಾಸನಕ್ಕೆ ಸಾವಿರದೈನೂರು ವರ್ಷ ದಾಟಿದೆ, ಅದರ ಒಂದು ಅಕ್ಷರವೂ ಬೇರೆ ಅಕ್ಷರವಾಗಿಲ್ಲ. ನಮ್ಮ ಜಿಲ್ಲೆಯವರು ಕಲ್ಲಿನಲ್ಲೇ ಮುಂದುವರಿಯಬೇಕಿತ್ತು.


ಸಂಧಿ_ಸಮಾಸ

ಸರ್, ಆ ಮೂಲ ಕಲ್ಲು ಮೈಸೂರು ಸೇರಿ ಎಷ್ಟೋ ಕಾಲವಾಯ್ತು, ಹಲ್ಮಿಡಿಯಲ್ಲಿ ಈಗ ನಿಂತಿರೋದು ಪ್ರತಿಕೃತಿ. ಅಂದರೆ ಅಲ್ಲೂ ಕಾಪಿ ಪೇಸ್ಟ್ ಆಗಿದೆ, ಆದರೆ ಫಾಂಟ್ ಬಿಟ್ಟುಹೋಗಿಲ್ಲ.

ನನಗೊಂದು ಸಂದೇಹ. ಹಳೇ ಪುಸ್ತಕಗಳಲ್ಲಿ ಸಮೀಕರಣದ ನಡುವೆ = ಇರ್ತಿತ್ತು. ಸಮೀಕರಣ ಅನ್ನೋ ಹೆಸರೇ ಸಮ ಅನ್ನೋದರಿಂದ ಬಂದಿದೆ. ಅದನ್ನ ಬಿಟ್ಟು ಈ ಬಾಣ, ಜೋಡಿ ಬಾಣ, ಅರೆ ಬಾಣ ಯಾಕೆ? ಒಂದು ಹಾಕಿದರೆ ಸಾಲದೇ?


ರಸಾಯನ_ಮೇಷ್ಟ್ರು

ಇದು ನನ್ನ ವಿಷಯ, ಹಾಗಾಗಿ ಸ್ವಲ್ಪ ಉದ್ದ ಆಗುತ್ತೆ.

= ಹಾಕಿದರೆ ಎರಡೂ ಕಡೆ ಪರಮಾಣುಗಳ ಲೆಕ್ಕ ಸರಿಹೊಂದಿದೆ ಅನ್ನೋದಷ್ಟೇ ಗೊತ್ತಾಗುತ್ತೆ. ಕ್ರಿಯೆ ಯಾವ ಕಡೆಗೆ ನಡೀತಿದೆ ಅಂತ ಗೊತ್ತಾಗಲ್ಲ. ವ್ಯಾಂಟ್ ಹಾಫ್ ಅನ್ನೋ ಡಚ್ ವಿಜ್ಞಾನಿ 1884ರಲ್ಲಿ = ಬದಲು ಎದುರುಬದುರಾದ ಎರಡು ಬಾಣ ಬಳಸಿದರು. ರಸಾಯನಶಾಸ್ತ್ರದ ಮೊಟ್ಟಮೊದಲ ನೊಬೆಲ್, 1901ರದ್ದು, ಅವರಿಗೇ ಬಂತು (ಬಾಣಕ್ಕಲ್ಲ, ಬೇರೆ ಕೆಲಸಕ್ಕೆ).

ಈಗ ಅಂತಾರಾಷ್ಟ್ರೀಯವಾಗಿ ಒಪ್ಪಿಕೊಂಡ ಅರ್ಥಗಳು ಬೇರೆ ಬೇರೆ ಇವೆ. → ಅಂದರೆ ಮುಂದಕ್ಕೆ ಸಾಗುವ ಕ್ರಿಯೆ. ಪೂರ್ತಿ ತಲೆಯ ಜೋಡಿ ಬಾಣ ⇄ ಅಂದರೆ ಎರಡೂ ದಿಕ್ಕಿಗೆ ನಡೆಯುವ ಕ್ರಿಯೆ. ಅರ್ಧ ತಲೆಯ ⇌ ಅಂದರೆ ಆ ಎರಡೂ ಸಮತೋಲನದಲ್ಲಿವೆ. ಒಂದೇ ಗೆರೆಗೆ ಎರಡೂ ತುದಿಯಲ್ಲಿ ತಲೆಯಿರುವ ↔ ಸಮತೋಲನವೇ ಅಲ್ಲ, ಅನುರಣನ. ಬೆಂಜೀನ್‌ನ ಎರಡು ಚಿತ್ರಗಳ ನಡುವೆ ಹಾಕ್ತೀವಲ್ಲ, ಅದು. ಅಲ್ಲಿ ಏನೂ ಹಿಂದೆ ಮುಂದೆ ಹೋಗ್ತಿಲ್ಲ, ಒಂದೇ ಅಣುವನ್ನ ಎರಡು ಥರ ಬರೆದು ತೋರಿಸ್ತಿದ್ದೀವಿ ಅಷ್ಟೇ. ⇌ ಬದಲು ↔ ಬರೆದ ಮಕ್ಕಳಿಗೆ ನಾನು ಅಂಕ ಕಡಿತೀನಿ. ಆದರೆ ನಾನೇ ಅಕ್ಕಪಕ್ಕ ಬಾಣ ಇಟ್ಟು ಪ್ರಶ್ನೆ ಕೊಟ್ಟಿದ್ದೆ ಅಂತ ಈಗ ನಾಚಿಕೆ ಆಗ್ತಿದೆ. ಅಚ್ಚು ಸರಿಯಾಗಿ ಬಂದಿದ್ದರೂ ಅದು ↔ ಥರವೇ ಕಾಣ್ತಿತ್ತು.

ಮಕ್ಕಳಿಗೆ ಸಮತೋಲನ ಅಂದರೆ ನಿಂತುಹೋಗಿದ್ದು ಅಂತಲೇ ತಲೆಯಲ್ಲಿ ಕೂತಿರುತ್ತೆ. ಅದಕ್ಕೆ ಗೊರೂರು ಡ್ಯಾಮ್ ಉದಾಹರಣೆ ಕೊಡ್ತೀನಿ. ಒಳಹರಿವು, ಹೊರಹರಿವು ಎರಡೂ ಒಂದೇ ಆದಾಗ ನೀರಿನ ಮಟ್ಟ ಅಲ್ಲಾಡಲ್ಲ, ಆದರೆ ಹೇಮಾವತಿ ಹರೀತಲೇ ಇರ್ತಾಳೆ.


ಬಾಬಾಬುಡನ್_ಗಾಳಿ · ಚಿಕ್ಕಮಗಳೂರು

ಮೇಷ್ಟ್ರೇ, ಉದಾಹರಣೆ ಚಂದ ಉಂಟು, ಆದ್ರೆ ತಪ್ಪು ಮಾರಾಯ್ರೆ. ಡ್ಯಾಮಿಗೆ ನೀರು ಒಂದು ಕಡೆಯಿಂದ ಬಂದು ಇನ್ನೊಂದು ಕಡೆ ಹೋಗ್ತದೆ, ಹೋದ ನೀರು ವಾಪಸ್ ಬರೋದಿಲ್ಲ. ಅದು ಬರೀ ಮಟ್ಟ ನಿಂತ ಸ್ಥಿತಿ, ಸಮತೋಲನ ಅಲ್ಲ. ಸಮತೋಲನಕ್ಕೆ ಮುಚ್ಚಿದ ಪಾತ್ರೆ ಬೇಕು, ಹೋದದ್ದೇ ಹಿಂದೆ ಬರಬೇಕು. ಹಾಸನದಿಂದ ಚಿಕ್ಕಮಗಳೂರಿಗೆ ಹೋಗೋ ಕೆಂಪು ಬಸ್ಸನ್ನ ತಗೊಳ್ಳಿ. ಗಂಟೆಗೆ ಅಲ್ಲಿಂದ ಹೊರಟಷ್ಟೇ ಇಲ್ಲಿಂದಲೂ ಹೊರಟರೆ ಎರಡೂ ಡಿಪೋದಲ್ಲಿ ಬಸ್ಸಿನ ಲೆಕ್ಕ ಬದಲಾಗಲ್ಲ, 60 ಕಿಲೋಮೀಟರ್ ರಸ್ತೆಯಲ್ಲಿ ಬಸ್ಸುಗಳು ಮಾತ್ರ ಓಡ್ತಾನೇ ಇರ್ತವೆ. ಎರಡು ಡಿಪೋದಲ್ಲೂ ಸಮ ಸಂಖ್ಯೆ ಇರಬೇಕು ಅಂತೇನೂ ಇಲ್ಲ, ಅದೂ ಮಕ್ಕಳು ತಪ್ಪು ಮಾಡೋ ಜಾಗ.

ಬಾಣದ ವಿಷಯಕ್ಕೆ ಒಂದು ಎಚ್ಚರಿಕೆ. 21ಸಿಸಿ ಪಕ್ಕದ ಮನೆಯಲ್ಲೇ, 21ಸಿಬಿಯಲ್ಲಿ, ಇದರ ತಿರುಗುಮುರುಗು ರೂಪ ⇋ ಉಂಟು. ಸಣ್ಣ ಅಕ್ಷರದಲ್ಲಿ ಎರಡೂ ಒಂದೇ ಥರ ಕಾಣ್ತವೆ. ಪಟ್ಟಿಯಿಂದ ಆರಿಸುವಾಗ ಮೇಲಿನ ಬಾಣ ಬಲಕ್ಕೆ ಹೋಗ್ತಿದೆಯಾ ನೋಡ್ಕೊಳ್ಳಿ. ನಾನು ಒಂದು ವರ್ಷ ಪೂರ್ತಿ ನೋಟ್ಸಿನಲ್ಲಿ ತಪ್ಪನ್ನೇ ಹಂಚಿದ್ದೆ. ಕೇಳಿದವರೂ ಇಲ್ಲ.


ರಸಾಯನ_ಮೇಷ್ಟ್ರು

ಬಸ್ಸಿನ ಉದಾಹರಣೆ ಕದೀತಿದ್ದೀನಿ. ಡ್ಯಾಮ್ ಈ ವರ್ಷಕ್ಕೆ ಬಂದ್.


ಕಿವಿಯಿಂದ_ಓದುವೆ · ಚಿಕ್ಕಮಗಳೂರು

ನನಗೆ ಕಣ್ಣು ಕಾಣುವುದಿಲ್ಲ. ಪರದೆಯಲ್ಲಿರುವುದನ್ನು ಓದಿ ಹೇಳುವ ಎನ್‌ವಿಡಿಎ ತಂತ್ರಾಂಶ ಹಾಕಿಕೊಂಡು ಈ ಚರ್ಚೆ ಕೇಳುತ್ತಿದ್ದೇನೆ, ಅದರ ಜೊತೆ ಬರುವ ಇಸ್ಪೀಕ್ ದನಿ ಕನ್ನಡ ಓದುತ್ತದೆ.

ಮೇಲೆ ಯಾರೋ ಕೈಯಲ್ಲಿ ಬರೆದ ಬಾಣ ಚೆನ್ನಾಗಿತ್ತು ಎಂದರು. ಇರಬಹುದು. ಈಗ ಎಷ್ಟೋ ಶಿಕ್ಷಕರು ಬಾಣವನ್ನು ಎಲ್ಲಿಂದಲೋ ಚಿತ್ರವಾಗಿ ತಂದು ಅಂಟಿಸುತ್ತಾರೆ. ಅಚ್ಚಿನಲ್ಲಿ ಅದು ಕಾಣುತ್ತದೆ, ನನಗೆ ಮಾತ್ರ ಕೇಳುವುದಿಲ್ಲ. «ಮೂರು ಹೈಡ್ರೋಜನ್ ಎರಡು ಅಮೋನಿಯ» ಎಂದು ಒಂದೇ ಉಸಿರಿನಲ್ಲಿ ಓದಿ ಮುಂದೆ ಹೋಗುತ್ತದೆ. ನಾನು ಪಿಯು ಓದುವಾಗ ಇದೇ ಕಾರಣಕ್ಕೆ, ಹೈಡ್ರೋಜನ್ ಮತ್ತು ಅಮೋನಿಯ ಎರಡನ್ನೂ ಬೆರೆಸುತ್ತಾರೆ ಎಂದುಕೊಂಡಿದ್ದೆ. ವಿಂಗ್‌ಡಿಂಗ್ಸ್ ಬಾಣದ ಕಡೆಯಲ್ಲಿ ಯಾವುದೋ ಅರ್ಥವಿಲ್ಲದ «ಎ» ಬರುತ್ತಿತ್ತು, ಅದು ಏನೆಂದು ಇವತ್ತು ಗೊತ್ತಾಯಿತು.

ನಿಜವಾದ → ಇದ್ದರೆ ಬಲಬಾಣ ಎಂದು ಹೇಳಿಸಬಹುದು. ⇌ ಕೂಡ ಹಾಗೆಯೇ. ಎನ್‌ವಿಡಿಎಯಲ್ಲಿ ಚಿಹ್ನೆಗಳ ಉಚ್ಚಾರಣೆ ಎಂಬ ಪಟ್ಟಿ ಇದೆ. ಅದರಲ್ಲಿ ⇌ ಸೇರಿಸಿ ಎದುರಿಗೆ «ಸಮತೋಲನ ಬಾಣ» ಎಂದು ಕನ್ನಡದಲ್ಲೇ ಬರೆದುಕೊಂಡಿದ್ದೇನೆ. ಚಿತ್ರ ಅಂಟಿಸಲೇಬೇಕಾದರೆ ಅದರ ಬದಲಿ ಪಠ್ಯದಲ್ಲಿ ಎರಡು ಪದ ಬರೆಯಿರಿ.


ನಿವೃತ್ತ_ಚಾಕ್‌ಪೀಸ್

ನನಗೆ ಇದು ಹೊಳೆದಿರಲೇ ಇಲ್ಲ. ಕಲ್ಲಿನ ಮಾತು ವಾಪಸ್.


ಕಾಫಿಕಣಿವೆ · ಮೂಡಿಗೆರೆ

ಮಳೆ, ಕರೆಂಟಿಲ್ಲ, ಫೋನಿನಲ್ಲೇ ಬರೀತಿದ್ದೀನಿ. ಹಾಗಾಗಿ ಫೋನಿನವರ ಕಷ್ಟ ಹೇಳ್ತೀನಿ.

ಮಕ್ಕಳ ಗ್ರೂಪಿಗೆ ಬೆಂಜೀನ್ ನೋಟ್ಸ್ ಕಳಿಸಿದೆ, ↔ ಹಾಕಿ. ಕೆಲವರ ಫೋನಿನಲ್ಲಿ ಸರಿ ಬಂತು, ಕೆಲವರಿಗೆ ನೀಲಿ ಚೌಕದೊಳಗೆ ಬಿಳಿ ಬಾಣ, ಇಮೋಜಿ ಥರ. «ಮಿಸ್, ಲಿಫ್ಟ್ ಬಟನ್ ಯಾಕೆ ಕಳಿಸಿದೀರಿ» ಅಂತ ಕೇಳಿದರು. ⇌ಗೆ ಮಾತ್ರ ಯಾವತ್ತೂ ಹಾಗಾಗಿಲ್ಲ. ಯಾಕೆ?


ಕೋಡ್_ಕಡಲೆ

↔ ಮತ್ತು ಮೂಲೆ ಬಾಣಗಳು ↗ ↘ ಇಮೋಜಿ ಪಟ್ಟಿಯಲ್ಲೂ ಇವೆ, ಹಾಗಾಗಿ ಆಪ್ ತನಗೆ ತೋಚಿದ ರೂಪ ಕೊಡುತ್ತೆ. ಸಾದಾ → ಮತ್ತು ⇌ ಆ ಪಟ್ಟಿಯಲ್ಲಿಲ್ಲ, ಬಚಾವ್. ನೀಲಿ ಚೌಕದಲ್ಲಿ ಬರೋ ಬಲಬಾಣ ಬೇರೆಯೇ ನಂಬರಿನದ್ದು, ಅದನ್ನ ಸಮೀಕರಣದಲ್ಲಿ ಹಾಕಬೇಡಿ. ↔ ಮುಂದೆ «ಇದನ್ನ ಅಕ್ಷರವಾಗಿಯೇ ತೋರಿಸು» ಅಂತ ಹೇಳೋ ಒಂದು ಅದೃಶ್ಯ ಗುರುತು ಇದೆ, ನಂಬರ್ ಎಫ್‌ಇ0ಇ. ಆದರೆ ಫೋನಿನಲ್ಲಿ ಅದನ್ನ ಹಾಕೋದು ತಲೆನೋವು. ಆ ಒಂದು ನೋಟ್ಸ್ ಪಿಡಿಎಫ್ ಮಾಡಿ ಕಳಿಸಿಬಿಡಿ.

ಪದೇ ಪದೇ ಬೇಕಾದರೆ ಫೋನಿನ ಜಿಬೋರ್ಡ್ ಕೀಬೋರ್ಡಿನ ಸೆಟ್ಟಿಂಗ್ಸಿನಲ್ಲಿ ಸ್ವಂತ ನಿಘಂಟು ಇದೆ. ಅದರಲ್ಲಿ ⇌ ಅಂಟಿಸಿ, ಶಾರ್ಟ್‌ಕಟ್ ಜಾಗದಲ್ಲಿ ಯಾವ ಪದಕ್ಕೂ ಹೊಂದದ ಎರಡು ಮೂರು ಅಕ್ಷರ ಕೊಡಿ. ಅದನ್ನ ಟೈಪ್ ಮಾಡಿದಾಗ ಮೇಲಿನ ಸಾಲಿನಲ್ಲಿ ⇌ ಬರುತ್ತೆ, ಒತ್ತಿದರಾಯ್ತು. ವರ್ಡ್‌ನಲ್ಲೂ ಆಟೋಕರೆಕ್ಟ್ ಪಟ್ಟಿಗೆ ಹೀಗೇ ಸೇರಿಸಬಹುದು. ಅದೇ ಪಟ್ಟಿಯಲ್ಲಿ ಅಡ್ಡಗೆರೆ ಬಾಣದ ಹಳೇ ನಮೂದನ್ನ ಅಳಿಸಿ, ಎದುರಿಗೆ ನಿಜವಾದ → ಕೂರಿಸಿ. ಕೈಗೆ ಅಭ್ಯಾಸ ಇದ್ದದ್ದೇ ಇರಲಿ, ಒಳಗೆ ಮಾತ್ರ ಸರಿಯಾದ್ದು ಬೀಳಲಿ.


ಟೈಪಿಂಗ್_ಅಣ್ಣ

ನಂಗೊಂದು ಡೌಟು. ನಿನ್ನೆ ಒಬ್ಬ ಮೇಷ್ಟ್ರು ಯೂನಿಕೋಡಲ್ಲೇ ಮಾಡ್ಕೊಂಡು ಪೆನ್‌ಡ್ರೈವ್‌ನಲ್ಲಿ ತಂದವ್ರೆ. ಕನ್ನಡ ಎಲ್ಲ ಸರಿ, ಬಾಣ ಮಾತ್ರ ನಮ್ ಸಿಸ್ಟಮ್ಮಲ್ಲಿ ಖಾಲಿ ಡಬ್ಬಿ. ಅವರ ಲ್ಯಾಪ್‌ಟಾಪಲ್ಲಿ ಕಾಣ್ತಿತ್ತಂತೆ. ನಮ್ದು ಹಳೇ ಮಿಷಿನ್ನು. ಪೇಜ್‌ಮೇಕರ್‌ಗೆ ಹಾಕಿದ್ರೆ ಕನ್ನಡವೂ ಡಬ್ಬಿ.


ಕೋಡ್_ಕಡಲೆ

ಪೇಜ್‌ಮೇಕರ್ ಬಿಡಿ ಅಣ್ಣ. ಅದರ ಕೊನೇ ಆವೃತ್ತಿ 7 ಬಂದಿದ್ದು 2001ರಲ್ಲಿ, ಅದಕ್ಕೆ ಯೂನಿಕೋಡ್ ಗೊತ್ತೇ ಇಲ್ಲ. ಇಂಡಿಸೈನ್ ಇದ್ದರೆ ವರ್ಲ್ಡ್ ರೆಡಿ ಕಂಪೋಸರ್ ಆನ್ ಮಾಡಿ, ಒತ್ತಕ್ಷರ ಸರಿಯಾಗಿ ಕೂರುತ್ತೆ.

ಡಬ್ಬಿ ಯಾಕೆ ಅಂದರೆ, ತುಂಗಾ, ನಿರ್ಮಲದಂಥ ಫಾಂಟುಗಳಿಂದ ಕನ್ನಡ ಬರುತ್ತೆ, ⇌ ಬರಲ್ಲ. ಆಗ ಕಂಪ್ಯೂಟರ್ ಆ ಒಂದು ಗುರುತನ್ನ ಬೇರೆ ಫಾಂಟಿನಿಂದ ಸಾಲ ತರುತ್ತೆ. ಹೊಸ ಮಿಷಿನ್ನಿನಲ್ಲಿ ಸಾಲ ಕೊಡೋರು ಇರ್ತಾರೆ, ಹಳೇದರಲ್ಲಿ ಇರಲ್ಲ. ಈ ಖಾಲಿ ಡಬ್ಬಿಗೆ ಟೋಫು ಅಂತಾರೆ. ಗೂಗಲ್‌ನ ನೋಟೋ ಫಾಂಟುಗಳ ಹೆಸರು ಬಂದಿದ್ದೇ «ನೋ ಟೋಫು» ಅನ್ನೋದರಿಂದ.

ಮೇಷ್ಟ್ರುಗಳು ಬಾಣವನ್ನಷ್ಟೇ ಸೆಲೆಕ್ಟ್ ಮಾಡಿ ಕೇಂಬ್ರಿಯಾ ಮ್ಯಾಥ್ ಫಾಂಟ್ ಕೊಟ್ಟು, ಫೈಲನ್ನ ಪಿಡಿಎಫ್ ಮಾಡಿ ತಂದರೆ ಅಂಗಡಿ ಮಿಷಿನ್ನಿನಲ್ಲಿ ಏನಿದೆ ಏನಿಲ್ಲ ಅನ್ನೋ ಚಿಂತೆ ಇಲ್ಲ. ಬೇಕಾದ ಫಾಂಟ್ ಪಿಡಿಎಫ್ ಒಳಗೇ ಬರುತ್ತೆ.


ಬಾಬಾಬುಡನ್_ಗಾಳಿ

ಬಾಣದ ಮೇಲೆ «ಕಬ್ಬಿಣ, 450 ಡಿಗ್ರಿ» ಅಂತ ಬರೀಬೇಕಾದ್ರೆ ಈ ಒಂಟಿ ಗುರುತು ಸಾಲೋದಿಲ್ಲ. ವರ್ಡ್‌ನಲ್ಲಿ ಆಲ್ಟ್ ಹಿಡಿದು = ಒತ್ತಿ, ಸಮೀಕರಣದ ಡಬ್ಬಿ ತೆರೆಯುತ್ತೆ. ಆಪರೇಟರ್ ಅನ್ನೋ ಕಡೆ ತಲೆ ಮೇಲೆ ಖಾಲಿ ಜಾಗ ಇರೋ ಬಾಣಗಳು ಸಿಗ್ತವೆ. ಲೇಟೆಕ್ ಅನ್ನೋ ಅಚ್ಚುಜೋಡಣೆ ತಂತ್ರಾಂಶ ಗೊತ್ತಿದ್ದರೆ ಅದರ ಎಂಎಚ್‌ಕೆಮ್ ಪ್ಯಾಕೇಜು, ಅದರೊಳಗೆ ಬರೀ <=> ಅಂತ ಬರೆದರೆ ⇌ ಆಗ್ತದೆ. ಇನ್ನೊಂದು > ಸೇರಿಸಿ <=>> ಅಂದ್ರೆ ಮೇಲಿನ ಬಾಣ ಉದ್ದ, ಕೆಳಗಿನದು ಗಿಡ್ಡ. ಅಂದ್ರೆ ಕ್ರಿಯೆ ಉತ್ಪನ್ನದ ಕಡೆಗೆ ವಾಲಿದೆ ಅಂತ. ನೋಡೋಕೆ ಅಷ್ಟು ಚಂದ ಬೇರೆ ಯಾವುದರಲ್ಲೂ ಬರೋದಿಲ್ಲ, ಕಲಿಯೋಕೆ ಮಾತ್ರ ಒಂದು ಮಳೆಗಾಲ ಬೇಕು.


ರಸಾಯನ_ಮೇಷ್ಟ್ರು

ಎಂಟು ದಿನ ಬಿಟ್ಟು ಬರೀತಿದ್ದೀನಿ. ಮರುಪರೀಕ್ಷೆ ಮುಗೀತು. ಪ್ರಶ್ನೆಗಳನ್ನ ಮೊದಲಿಂದ ಯೂನಿಕೋಡ್‌ನಲ್ಲೇ ಟೈಪ್ ಮಾಡಿದೆ. ಹಳೇ ಫೈಲನ್ನ ಪರಿವರ್ತಕಕ್ಕೆ ಹಾಕಿ ನೋಡಿದ್ದೆ, ಅದು ಸೂತ್ರಗಳನ್ನೂ ಕನ್ನಡ ಅಂದುಕೊಂಡು ಓ ಊ ಮಾಡಿಕೊಟ್ಟಿತು, ಹಾಗಾಗಿ ಬಿಟ್ಟೆ. ಬಾಣಕ್ಕೆ ಕೇಂಬ್ರಿಯಾ, ಆಮೇಲೆ ಪಿಡಿಎಫ್. ಅದೇ ಅಂಗಡಿ, 58 ಪ್ರತಿ. ಈ ಸಲ ಕೌಂಟರಿನಲ್ಲೇ ನಿಂತು ಮೊದಲ ಪ್ರತಿ ಕಣ್ಣಿಗೆ ಹತ್ತಿರ ಹಿಡಿದು ನೋಡಿದೆ. ಮೇಲಿನದು ಬಲಕ್ಕೆ, ಕೆಳಗಿನದು ಎಡಕ್ಕೆ.

ಆ ಮುಂದಿನ ಬೆಂಚಿನ ಹುಡುಗಿ ಉತ್ತರದಲ್ಲಿ ಹಾಸನ ಚಿಕ್ಕಮಗಳೂರು ಬಸ್ಸಿನ ಚಿತ್ರ ಬರೆದು, ಎರಡರ ಮಧ್ಯೆ ⇌ ಹಾಕಿದ್ದಾಳೆ. ಪೂರ್ತಿ ಅಂಕ ಕೊಟ್ಟೆ. ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ «ಊ ಸಿಗಲಿಲ್ಲ ಸರ್» ಅಂತಲೂ ಬರೆದಿದ್ದಾಳೆ.


ಟೈಪಿಂಗ್_ಅಣ್ಣ

ನಾನೂ ಒಂದು ಚೀಟೀಲಿ → ನಂಬರ್ರು, ⇌ ನಂಬರ್ರು ಬರೆದು ಮಾನಿಟರ್ ಅಂಚಿಗೆ ಅಂಟಿಸ್ಕೊಂಡಿದೀನಿ. ಅದನ್ನ ನೋಡಿ ಈಗ ಗಣಿತದ ಮೇಷ್ಟ್ರೊಬ್ರು ವರ್ಗಮೂಲದ ಚಿಹ್ನೆ ಕೇಳ್ಕೊಂಡು ಕೌಂಟರಲ್ಲಿ ನಿಂತವ್ರೆ. ಕಡಲೆಯವರೇ, ಲೈನಲ್ಲಿ ಇದೀರಾ?